ತೋಳದ ಬೇಟೆ ನಿಲ್ಲಿಸಬೇಕೇ? ಕುರಿ ದೊಡ್ಡಿಯಿಂದ ಶುರು ಮಾಡಿ

ತೋಳದ ಬೇಟೆಗೆ ನಿಷೇಧ ಬೇಕೇ ಬೇಕು. ಆದರೆ ನಿಷೇಧ ಇರುವ ಕಡೆಯೂ ತೋಳ ಸಾಯುತ್ತಲೇ ಇದೆ. ರಾತ್ರಿ ಕುರಿ ಸತ್ತರೆ ಬೆಳಿಗ್ಗೆ ಅದೇ ಹೆಣಕ್ಕೆ ವಿಷ ಬೀಳುತ್ತದೆ. ಹಾಗಾಗಿ ಆ ರಾತ್ರಿ ಮತ್ತು ಆ ಬೆಳಿಗ್ಗೆಯ ಬಗ್ಗೆ ಮಾತಾಡದೆ ಬರೀ ಕಾನೂನಿನ ಮಾತಾಡಿದರೆ ತೋಳ ಉಳಿಯುವುದಿಲ್ಲ.

"ಇಂತಿಷ್ಟು ಎಂದು ಲೆಕ್ಕ ಹಾಕಿ ಹೊಡೆದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. 2021ರ ಫೆಬ್ರುವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೇಟೆಗಾರರಿಗೆ ಕೊಟ್ಟ ಮಿತಿ 119. ಮೂರು ದಿನ ತುಂಬುವುದರೊಳಗೆ ಬಿದ್ದ ತೋಳಗಳು 218. ಅದೂ ಬೆದೆಯ ಕಾಲದಲ್ಲಿ. ತೋಳದ ಗುಂಪೆಂದರೆ ಒಂದು ಸಂಸಾರ: ಗಂಡು, ಹೆಣ್ಣು, ಆ ವರ್ಷದ ಮರಿಗಳು, ಹಿಂದಿನ ಸೂಲಿನಲ್ಲಿ ಹುಟ್ಟಿ ಇನ್ನೂ ಗುಂಪು ಬಿಡದವು. ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಹೆಣ್ಣು. ಬಂದೂಕು ಹಿಡಿದವನಿಗೆ ದೂರದಿಂದ ಆ ತಾಯಿ ಯಾವುದೆಂದು ಗೊತ್ತಾಗುವುದಿಲ್ಲ. ಅದೇ ಸತ್ತರೆ ಗುಂಪು ಒಡೆಯಬಹುದು. ದೊಡ್ಡ ಪ್ರಾಣಿ ಹಿಡಿಯಲು ಇನ್ನೂ ಪಳಗದ ಎಳೆಯ ತೋಳಕ್ಕೆ ಆಗ ಕುರಿಯೇ ಸುಲಭದ ತುತ್ತಾಗಬಹುದು.

ಕುರಿ ಸತ್ತ ಬೆಳಿಗ್ಗೆ ಮೊದಲು ಮಾಡಬೇಕಾದ್ದು ಕುತ್ತಿಗೆಯ ಚರ್ಮ ಬಿಡಿಸಿ ನೋಡುವುದು. ಹಲ್ಲಿನ ತೂತಿನ ಸುತ್ತ ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ ಜೀವ ಇರುವಾಗಲೇ ಕಚ್ಚಿದೆ. ರಕ್ತವೇ ಇಲ್ಲದಿದ್ದರೆ ಕುರಿ ಮೊದಲೇ ಸತ್ತಿತ್ತು, ತಿನ್ನಲು ಬಂದದ್ದು ಆಮೇಲೆ. ತೋಳ ಹೆಚ್ಚಾಗಿ ಗಂಟಲಿಗೇ ಬಾಯಿ ಹಾಕುತ್ತದೆ, ಗಾಯ ಕಡಿಮೆ, ಆಳ ಹೆಚ್ಚು. ತೊಡೆ, ಪಕ್ಕೆ, ಕಿವಿ ಎಂದು ಕಂಡಲ್ಲೆಲ್ಲ ಕಚ್ಚಿ ಹರಿದು, ತಿನ್ನದೆ ಬಿಟ್ಟಿದ್ದರೆ ನಾಯಿಯ ಮೇಲೆ ಅನುಮಾನ ಪಡಿ. ನಾಯಿ ಕೊಂದ ಕುರಿಗೆ ತೋಳ ಜೀವ ತೆತ್ತ ಉದಾಹರಣೆಗಳಿಗೆ ಲೆಕ್ಕವಿಲ್ಲ.

ತೋಳ ದೊಡ್ಡಿಗೆ ಬಾರದಂತೆ ತಡೆಯಲು, ಕುರಿಗಳು ಮರಿ ಹಾಕುವ ಕಾಲಕ್ಕೆ ಕೆಂಪು ಬಟ್ಟೆಯ ಹಗ್ಗ ಒಳ್ಳೆಯದು. ಅರ್ಧ ಮೀಟರಿಗೊಂದರಂತೆ ಪಟ್ಟಿ ಹೊಲಿದು, ತುದಿ ನೆಲಕ್ಕೆ ಒಂದು ಗೇಣಿನೊಳಗೆ ಬರುವಂತೆ ದೊಡ್ಡಿಯ ಸುತ್ತ ಕಟ್ಟಬೇಕು. ತೋಳಕ್ಕೆ ಹೊಸ ವಸ್ತುವೆಂದರೆ ಅಂಜಿಕೆ. ಆದರೆ ಗಾಳಿಗೆ ಪಟ್ಟಿ ಹಗ್ಗಕ್ಕೇ ಸುತ್ತಿಕೊಂಡು ಸಂದು ಬಿಟ್ಟರೆ ಅಲ್ಲೇ ನುಗ್ಗುತ್ತದೆ, ಆದ್ದರಿಂದ ದಿನಾ ಸಂಜೆ ಒಂದು ಸುತ್ತು ಬಂದು ಬಿಡಿಸಿ. ಸುಮಾರು ಎರಡು ತಿಂಗಳಲ್ಲಿ ತೋಳಕ್ಕೆ ಅದು ಮಾಮೂಲಾಗುತ್ತದೆ. ವರ್ಷವಿಡೀ ಕಟ್ಟಿಟ್ಟು "ಇದರಿಂದ ಏನೂ ಆಗಲಿಲ್ಲ" ಎನ್ನುವವರು ಎಡವುವುದು ಇಲ್ಲಿ.

ಕರೆಂಟ್ ಬೇಲಿ ಇನ್ನೂ ಗಟ್ಟಿ. ಕೆಳಗಿನ ತಂತಿ ನೆಲದಿಂದ 20 ಸೆಂ.ಮೀ.ಗಿಂತ ಮೇಲಿರಬಾರದು, ಏಕೆಂದರೆ ತೋಳ ಹಾರುವುದಕ್ಕೆ ಮೊದಲು ಅಡಿಯಿಂದ ನುಸುಳಲು ನೋಡುತ್ತದೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟ್ ನೆಲಕ್ಕಿಳಿದು ಬೇಲಿ ಸತ್ತಂತೆ. ಬೇಲಿಗೆಂದೇ ಇರುವ ಝಟಕಾ ಯಂತ್ರ ಬಿಟ್ಟು ಮನೆಯ ಕರೆಂಟನ್ನು ನೇರವಾಗಿ ಎಳೆಯಬೇಡಿ, ಮನುಷ್ಯರು ಸಾಯುತ್ತಾರೆ.

ಕಾವಲು ನಾಯಿ ಒಂದೇ ಸಾಲದು, ಒಂಟಿ ನಾಯಿಯನ್ನು ತೋಳಗಳೇ ಮುಗಿಸಬಹುದು. ಎಂಟು ವಾರದ ಮರಿಯಿಂದಲೇ ಕುರಿಗಳ ಜೊತೆ ಬೆಳೆಸಿ. ಕೆಲಸಕ್ಕೆ ಬರಲು ಒಂದೂವರೆ, ಎರಡು ವರ್ಷ ಬೇಕು. ಕೊರಳಿಗೆ ಮುಳ್ಳಿನ ಪಟ್ಟಿ ಮರೆಯಬೇಡಿ.

ಹೆಣಕ್ಕೆ ಕಾರ್ಬೊಫ್ಯೂರಾನ್‌ನಂಥ ಕೀಟನಾಶಕ ಬೆರೆಸುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಲಾಗದು. ಆ ಹೆಣಕ್ಕೆ ರಣಹದ್ದು, ನರಿ, ಕಾಗೆ, ಕೊನೆಗೆ ನಿಮ್ಮದೇ ಕಾವಲು ನಾಯಿಯೂ ಬಾಯಿ ಹಾಕುತ್ತವೆ. ಕುರಿ ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ, ಒಂದು ರಾತ್ರಿಯಲ್ಲಿ ವರ್ಷದ ಗಳಿಕೆ ಹೋಗಿರುತ್ತದೆ. ಅದಕ್ಕೇ ಪರಿಹಾರ ಕೊಡುವವರು ಅರ್ಜಿ ಬರಲೆಂದು ಕಾಯಬಾರದು, ಸುದ್ದಿ ತಿಳಿದ ದಿನವೇ ಸ್ಥಳಕ್ಕೆ ಬರಬೇಕು. ಎರಡು ದಿನ ಕಳೆದರೆ ಹುಳು ಬಿದ್ದು ಕುತ್ತಿಗೆಯ ಗಾಯ ಅಳಿಸಿಹೋಗಿರುತ್ತದೆ, ಕೊಂದದ್ದು ಯಾರೆಂದು ಹೇಳಲು ಆಮೇಲೆ ಏನೂ ಉಳಿದಿರುವುದಿಲ್ಲ.