ನಳ ಕೊಟ್ಟಿರಿ, ಬಚ್ಚಲ ನೀರು ಎಲ್ಲಿಗೆ ಬಿಡೋಣ?

ಗದಗ ಜಿಲ್ಲೆಯ ರೋಣ ಕಡೆಯ ಎರೆ ಸೀಮೆಯ, ಅಂದರೆ ಕಪ್ಪು ಮಣ್ಣಿನ ಊರು ನಮ್ಮದು. ಎರೆ ಮಣ್ಣಿನ ಗುಣ ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಒಮ್ಮೆ ನೀರು ಕುಡಿದು ಉಬ್ಬಿತು ಅಂದರೆ ಮುಗೀತು, ಮೇಲಿನ ನೀರು ಕೆಳಗೆ ಇಳಿಯೋದೇ ಇಲ್ಲ. ಇಂಥ ಮಣ್ಣಲ್ಲಿ ಓಣಿ ಓಣಿಗೆ ಬಚ್ಚಲು ಗುಂಡಿ, ಅಂದರೆ ಬಚ್ಚಲ ನೀರು ಇಂಗಿಸೋ ಗುಂಡಿ ತೋಡಿಸಿದ್ದಾರೆ! ಅದೇ ಅಳತೆ, ಅದೇ ಜಲ್ಲಿ, ಮಸಾರಿ (ಕೆಂಪು ಮಣ್ಣಿನ) ಭೂಮಿಗೆ ಹಾಕೋ ಅದೇ ನಕ್ಷೆ. ಮಸಾರಿಯಲ್ಲಿ ಇಂಗುತ್ತೆ, ಸರಿ. ಇಲ್ಲಿ ಹೇಗೆ ಇಂಗಬೇಕು?

ನಮ್ಮ ಮನೆ ಮುಂದಿನ ಗುಂಡಿ ಮೊದಲ ಮಳೆಗಾಲಕ್ಕೇ ತುಂಬಿ ನಿಂತಿತು. ಮುಚ್ಚಿದ ಕಲ್ಲಿನ ಸಂದಿಯಿಂದ ಸೋಪಿನ ನೊರೆ, ಅನ್ನದ ಅಗುಳು, ಚಹಾಪುಡಿ ಎಲ್ಲಾ ಮೇಲೆ ಬರುತ್ತೆ. ಅದರ ಮೇಲೆ ಎಣ್ಣೆ ಜಿಡ್ಡಿನ ಬೂದು ಕೆನೆ. ಕೋಲು ಹಾಕಿ ಕಲಕಿದರೆ ಕೊಳೆತ ಮೊಟ್ಟೆ ನಾತ. ಹೊತ್ತು ಮುಳುಗೋ ಮೊದಲೇ ಬಾಗಿಲು ಹಾಕಿಕೊಳ್ಳಬೇಕು, ಅಷ್ಟು ಸೊಳ್ಳೆ. ನಮ್ಮವ್ವ ಸಂಜೆ ಕಟ್ಟೆ ಮೇಲೆ ಕೂತು ನಾಲ್ಕು ಮಾತಾಡೋದನ್ನೇ ಬಿಟ್ಟಿದ್ದಾಳೆ.

ಪಂಚಾಯ್ತಿಗೆ ಹೋಗಿ ಕೇಳಿದರೆ, "ಉದ್ಯೋಗ ಖಾತ್ರ್ಯಾಗ ಮಾಡಿಸಿಕೊಟ್ಟೇವಲ್ರಿ, ಫೋಟೋನೂ ಅಪ್‌ಲೋಡ್ ಆಗೇತಿ" ಅಂತಾರೆ. ಆ ಫೋಟೋ ತೆಗೆದದ್ದು ಗುಂಡಿ ಒಣಗಿದ್ದಾಗ. ಈಗ ಬಂದು ತೆಗೀರಿ ಅಂದರೆ ಯಾರೂ ಬರಲ್ಲ.

ನಳ ಬೇಡ ಅಂತ ಯಾರೂ ಹೇಳುತ್ತಿಲ್ಲ. ವರ್ಷಗಟ್ಟಲೆ ಕೊಡ ಹೊತ್ತ ಹೆಂಗಸರನ್ನು ಕೇಳಿ, ಅದರ ಬೆಲೆ ಹೇಳ್ತಾರೆ. ಆದರೆ ನಳ ಕೊಟ್ಟ 'ಮನೆ ಮನೆಗೆ ಗಂಗೆ' ಯೋಜನೆಯ ಲೆಕ್ಕ ಅಂದರೆ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275. ಅದರಲ್ಲಿ ಹತ್ತಿರ ಹತ್ತಿರ 200 ಲೀಟರ್ ಬಚ್ಚಲಿಂದ ಹೊರಗೆ ಬರುತ್ತೆ. ನೂರು ಮನೆಗೆ 20,000 ಲೀಟರ್, ದಿನಾ! ಪೈಪು ಹಾಕಿದವರು ಈ ಲೆಕ್ಕ ಮಾಡಲೇ ಇಲ್ವಾ?

ದುಡ್ಡಿಲ್ಲ ಅನ್ನೋ ಮಾತು ಬೇಡ. 2020ರಲ್ಲಿ ಶುರುವಾದ ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಬಚ್ಚಲ ನೀರಿಗೆ ಅಂತಲೇ, 5,000 ಜನರೊಳಗಿನ ಊರಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ 280 ರೂಪಾಯಿವರೆಗೆ ಇಟ್ಟಿದ್ದರು. ಪಂಚಾಯ್ತಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲೂ ನೂರಕ್ಕೆ 60 ಭಾಗ ಕುಡಿಯೋ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು.

ಇನ್ನು ಗಟಾರ. ಅದಕ್ಕೆ ಇಳಿಜಾರೇ ಇಲ್ಲ. ಸಿಸಿ ರಸ್ತೆ ಎತ್ತರಿಸಿದ ಮೇಲೆ ನೀರು ಮನೆ ಕಡೆಗೇ ತಿರುಗುತ್ತೆ. ಹರಿದಷ್ಟು ಹೋಗಿ ಹಳ್ಳಕ್ಕೆ ಬೀಳುತ್ತೆ, ಹಳ್ಳ ಮಲಪ್ರಭೆಗೆ. ಕೆಲವು ಮನೆಯವರು ಪಾಯಖಾನೆ ಪೈಪನ್ನೂ ಇದೇ ಗಟಾರಕ್ಕೆ ಬಿಟ್ಟಿದ್ದಾರೆ. ಅವರ ಮೇಲೂ ಅಷ್ಟೇ ಸಿಟ್ಟಿದೆ ನನಗೆ. ಮಕ್ಕಳು ದಾಟಿಕೊಂಡು ಶಾಲೆಗೆ ಹೋಗೋ ಗಟಾರ ಅದು.

ಇಂಗದ ಮಣ್ಣಲ್ಲಿ ಏನು ಮಾಡೋಕಾಗುತ್ತೆ ಅಂತ ಕೇಳ್ತಾರೆ. ಅಲ್ರೀ, ಇದೇ ಎರೆ ಹೊಲಗಳಲ್ಲಿ ರೈತರು ಕೃಷಿ ಹೊಂಡ ತೋಡಿ ನೀರು ನಿಲ್ಲಿಸಿಲ್ವಾ? ನೀರು ಹಿಡಿಯೋ ಮಣ್ಣು ಹೊಂಡಕ್ಕೆ ಒಳ್ಳೇದೇ. ಗಟಾರದ ಕೊನೆಗೆ ಕಸ ತಡೆಯೋಕೆ ಒಂದು ಜಾಳಿಗೆ, ಕೆಸರು ತಂಗೋಕೆ ತೊಟ್ಟಿ, ಆಮೇಲೆ ಆಳ ಕಡಿಮೆ ಇರೋ ಎರಡು ಮೂರು ಹೊಂಡ. ಬಿಸಿಲು, ಪಾಚಿ, ಸೂಕ್ಷ್ಮಜೀವಿಗಳೇ ಅರ್ಧ ಕೆಲಸ ಮಾಡುತ್ತವೆ. ಕೊನೆಗೆ ಜಲ್ಲಿ ಹಾಸಿ ಕಾಬಾಳೆ ಗಿಡ ಹಚ್ಚಿದರೆ ಬೇರುಗಳ ನಡುವೆ ನೀರು ಇನ್ನಷ್ಟು ತಿಳಿಯಾಗುತ್ತೆ. ಬೇವು, ಹೊಂಗೆ ಗಿಡಗಳಿಗೆ ಬಿಡಬಹುದು. ಕರೆಂಟ್ ಬೇಡ, ಮೋಟರ್ ಬೇಡ. ತೊಟ್ಟಿಯ ಕೆಸರು ತೆಗೆಯೋಕೆ, ಹೊಂಡದ ದಂಡೆಯ ಹುಲ್ಲು ಕೀಳೋಕೆ ಒಬ್ಬರಿಗೆ ಕೂಲಿ ಕೊಡಬೇಕು, ಅಷ್ಟೇ. ಅದನ್ನು ತಪ್ಪಿಸಿದರೆ ಹೊಂಡವೂ ಸೊಳ್ಳೆ ಗೂಡಾಗುತ್ತೆ.

ಈಗ ಮತ್ತೆ ಹೊಸ ಬಚ್ಚಲು ಗುಂಡಿಗಳ ಪಟ್ಟಿ ತಯಾರಾಗುತ್ತಿದೆಯಂತೆ. ಗುದ್ದಲಿ ಹಾಕೋ ಮೊದಲು ಒಂದು ಕುಣಿ ತೋಡಿ, ನೀರು ತುಂಬಿಸಿ, ಎಷ್ಟು ಇಳಿಯುತ್ತೆ ಅಂತ ನಮ್ಮೆದುರೇ ನೋಡಿ. ಇಳಿಯದಿದ್ದರೆ ಆ ದುಡ್ಡು ಹೊಂಡಕ್ಕೆ ಹಾಕಿ. ಮುಂದಿನ ಗ್ರಾಮ ಸಭೆಯಲ್ಲಿ ಇದನ್ನು ಠರಾವಿನಲ್ಲಿ ಬರೆಸೋವರೆಗೂ ನಮ್ಮ ಓಣಿಯವರು ಎದ್ದು ಬರಲ್ಲ.