ಬಾಲ ನೋಡಿ ಬಾಲನಿಗೆ ಹೆಸರು

ಮಂಗಳೂರಿನಲ್ಲಿ ಗಂಡುಮಗು ಹುಟ್ಟಿದರೆ ಅದರ ಹೆಸರಿನ ತಲೆಯನ್ನು ಜೋಯಿಸರು ಕೊಡುತ್ತಾರೆ, ಬಾಲವನ್ನು ಚಿಕ್ಕಮ್ಮ ಕೊಡುತ್ತಾಳೆ. ನಡುವೆ ಉಳಿದ ಒಂದೂವರೆ ಅಕ್ಷರದಲ್ಲಿ ಅಪ್ಪ ಅಮ್ಮ ಹೊಂದಿಕೊಂಡು ಹೋಗಬೇಕು. ಅರ್ಥ ಎಂಬುದು ಎಲ್ಲ ಮುಗಿದ ಮೇಲೆ ಬರುವ ವಸ್ತು, ಜವಳಿ ಅಂಗಡಿಯಲ್ಲಿ ಬಿಲ್ಲಿನ ಜೊತೆ ಕೊಡುವ ಚೀಲದ ಹಾಗೆ. ಬೇಕೆಂದು ಯಾರೂ ಕೇಳಿರುವುದಿಲ್ಲ, ಬಿಟ್ಟು ಬರುವುದೂ ಇಲ್ಲ.

ತಲೆಯ ಲೆಕ್ಕ ಸರಳ. ನಕ್ಷತ್ರ 27, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಚಂದ್ರ ಒಂದು ಪಾದ ದಾಟಲು ಸುಮಾರು ಆರು ಗಂಟೆ. ಅಶ್ವಿನಿಯಾದರೆ ಚು, ಚೆ, ಚೋ, ಲಾ. ಮಖೆಯಾದರೆ ಮ, ಮಿ, ಮು, ಮೆ. ಆರ್ದ್ರೆಯ ಮೂರನೇ ಪಾದ ಬಂತೋ, ಪಂಚಾಂಗ ಕೊಡುವ ಅಕ್ಷರ ಙ. ಹಸ್ತದ ಮೂರನೆಯದಕ್ಕೆ ಣ, ಉತ್ತರಾಭಾದ್ರೆಯ ನಾಲ್ಕನೆಯದಕ್ಕೆ ಞ. ಪಾಪುವನ್ನು ಕುಞ್ಞಿ ಎಂದು ಮುದ್ದಿಸುವ ಊರಿಗೆ ಞ ಹೊಸತಲ್ಲ ನಿಜ. ಆದರೆ ಅದನ್ನು ಎಳೆದು ತಂದು ಹೆಸರಿನ ಮುಂದೆ ನಿಲ್ಲಿಸಿದರೆ ಹಾಜರಿ ಕರೆಯುವ ಟೀಚರಿಗೆ ದಿನಾ ನೆಗಡಿ. ಇಂಥಲ್ಲಿ ಜೋಯಿಸರು "ಙ ಬದಲಿಗೆ ಗ ಆದೀತು" ಎಂದು ದೊಡ್ಡ ಮನಸ್ಸು ಮಾಡುತ್ತಾರೆ. ಆ ದೊಡ್ಡ ಮನಸ್ಸು ತಲೆಗೆ ಮಾತ್ರ. ಬಾಲದ ವಿಷಯದಲ್ಲಿ ಚಿಕ್ಕಮ್ಮ ಅರ್ಧ ಮಾತ್ರೆಯನ್ನೂ ಬಿಟ್ಟುಕೊಡುವುದಿಲ್ಲ.

ಬಾಲಕ್ಕೂ ಒಂದು ಚರಿತ್ರೆ ಇದೆ. ತುಳುನಾಡಿನಲ್ಲಿ ಬಾಲದ ಗೊಡವೆಯೇ ಇಲ್ಲದ ಕಾಲವೊಂದಿತ್ತು. ಭಾನುವಾರ ಹುಟ್ಟಿದವ ಐತ, ಸೋಮವಾರದವ ಸೋಮ, ಮಂಗಳವಾರ ಅಂಗಾರ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ವಾರ ಗೊತ್ತಿದ್ದರೆ ಸಾಕು, ಖರ್ಚು ಸೊನ್ನೆ. (ದೇವರ ಹೆಸರುಗಳನ್ನೆಲ್ಲ ಗದ್ದೆಯ ಒಡೆಯರು ತಮಗೇ ಇಟ್ಟುಕೊಂಡದ್ದರಿಂದ ಗದ್ದೆಗಿಳಿಯುವವರ ಪಾಲಿಗೆ ವಾರ ಉಳಿಯಿತು ಎಂಬುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗೋಣ.) ಆಮೇಲೆ ಬಂದದ್ದು ಈಶನ ಯುಗ. ರಮೇಶ, ಸುರೇಶ, ಗಣೇಶ, ದಿನೇಶ, ಉಮೇಶ, ಮಹೇಶ: ಹೈಸ್ಕೂಲಿನ ಗುಣಸಂಧಿಯ ಉದಾಹರಣೆಗಳೆಲ್ಲ ಒಂದೇ ಬೆಂಚಿನಲ್ಲಿ ಕೂತಿದ್ದವು. ಹಿಂದಿನ ಬೆಂಚಿನಲ್ಲಿ ಸವರ್ಣದೀರ್ಘದ ಗಿರೀಶ, ಹರೀಶ, ಸತೀಶ. ಮೂಲೆಯಲ್ಲಿ ಜಶ್ತ್ವದ ಜಗದೀಶ ಒಬ್ಬನೇ. ಇವರಿಗೆ ಒಂದು ಮರ್ಯಾದೆ ಇತ್ತು, ಪ್ರತಿಯೊಬ್ಬನೂ ಯಾರಿಗೋ ಯಾವುದಕ್ಕೋ ಒಡೆಯ. ಮುಂದೆ ಒಡೆತನಕ್ಕೆ ವಸ್ತು ಮುಗಿದು ಬಾಲ ಮಾತ್ರ ಉಳಿಯಿತು, ನಿತೇಶ ಮಿತೇಶರು ಹುಟ್ಟಿದರು. ಯಾವ ನಿತೆಗೆ ಈಶ ಎಂದು ಯಾರೂ ಕೇಳಲಿಲ್ಲ. ನಂತರ ರಂಜಿತ್, ಸುಜಿತ್, ಅಭಿಜಿತ್ ಎಂದು ಊರು ತುಂಬ ಗೆದ್ದವರು, ಸೋತವರ ಪತ್ತೆಯಿಲ್ಲ. ಕೊಂಕಣಿ ಕ್ರೈಸ್ತರ ಮನೆಗಳು ಈ ವಿದ್ಯೆಯಲ್ಲಿ ಆಗಲೇ ಒಂದು ಹೆಜ್ಜೆ ಮುಂದೆ. ಮೆಲ್ವಿನ್, ಆಲ್ವಿನ್, ಕೆಲ್ವಿನ್. ಅಮ್ಮ ಅಡುಗೆಮನೆಯಿಂದ "ವಿನ್" ಎಂದಷ್ಟೇ ಕೂಗಿದರೂ ಊಟಕ್ಕೆ ಮೂವರೂ ಹಾಜರು.

ಈಗಿನ ಮಾರುಕಟ್ಟೆಯಲ್ಲಿ ಬಾಲ ಮೂರೇ: ಆನ್, ಆಂಶ್, ಇಕ್. ಚಿಕ್ಕಮ್ಮನ ಎಕ್ಸೆಲ್ ಹಾಳೆಯಲ್ಲಿ ಎಡಕ್ಕೆ 108 ತಲೆ, ಮೇಲೆ ಮೂರು ಬಾಲ, ಒಟ್ಟು 324 ಮನೆ. ಜೋಯಿಸರು "ವಿ" ಎಂದು ಹೇಳಿದ ಕೂಡಲೇ ಆ ಸಾಲು ಹಳದಿಯಾಗುತ್ತದೆ. ಸೋಸುವ ಕ್ರಮ ಹೀಗೆ. ಮೂರಕ್ಷರ ದಾಟಿದ್ದು ಮೊದಲ ಸುತ್ತಿನಲ್ಲೇ ಔಟ್. ಸ್ವರದಲ್ಲಿ ಮುಗಿಯುವುದು "ತುಂಬಾ ಹಳೇದಾಯ್ತು" ಎಂದು ಔಟ್. ಅತ್ತೆಯ ಕಡೆಯಲ್ಲಿ ಆಗಲೇ ಇದ್ದದ್ದು ಔಟ್. ಯಾರಿಗೂ ಇಲ್ಲದ ಹೆಸರು ಬೇಕೆಂದು ಹೀಗೆ ಸೋಸಿದ ಮನೆಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಅದೇ ಏಳೆಂಟು ಹೆಸರಿಗೆ. ಅದ್ವಿಕ್ ಎಂದರೆ "ಅವನಂಥವ ಇನ್ನೊಬ್ಬನಿಲ್ಲ" ಎಂದು ಇಂಟರ್ನೆಟ್ಟಿನ ಅಂಬೋಣ, ಎಲ್‌ಕೆಜಿಯ ಎ ಸೆಕ್ಷನ್ನಿನಲ್ಲಿ ಅಂಥವರು ಮೂವರು. ಸಂಸ್ಕೃತದಲ್ಲಿ ಅದ್ವಯ ಇದೆ, ಅದ್ವಿತೀಯ ಇದೆ. ಅವಕ್ಕೆ ಬಾಲ ಸರಿಯಿಲ್ಲ, ಆದ್ದರಿಂದ ಕತ್ತರಿಸಿ ಇಕ್ ಹೊಲಿದರು.

ಅರ್ಥದ ಕೆಲಸ ಶುರುವಾಗುವುದು ಇಲ್ಲಿಂದ. ಆನ್ ಎಂದು ಮುಗಿಯುವುದಕ್ಕೆಲ್ಲ ಮುಂಜಾವು, ಬೆಳಕು, ದೇವರ ಕೊಡುಗೆ, ಈ ಮೂರರಲ್ಲಿ ಒಂದು ಅರ್ಥ ಖಾಯಂ. ವಿಹಾನ್ ಎಂದರೆ ಬೆಳಗಾಗುವುದಂತೆ. ಹಿಂದಿಯ ಬಿಹಾನ್ ಬೆಳಗ್ಗೆಯೇ ಹೌದು. ಸಂಸ್ಕೃತದಲ್ಲಿ ಮಾತ್ರ ವಿ ಸೇರಿದ ಹಾ ಧಾತು ಬಿಟ್ಟುಬಿಡು ಎನ್ನುತ್ತದೆ, ವಿಹಾಯ, ವಿಹೀನಗಳು ಆ ಮನೆಯವೇ. ಆರವ್ ಇನ್ನೂ ಸೊಗಸು. ಶಾಂತ ಸ್ವಭಾವದವನು ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ. ಆರವ ಎಂದರೆ ಕೂಗು, ಬೊಬ್ಬೆ. ಕಲರವದ ರವವೇ ಇಲ್ಲಿರುವುದೂ. ಯಾರ ಅರ್ಥ ಸರಿ ಎಂಬುದು ರಾತ್ರಿ ಎರಡು ಗಂಟೆಗೆ ಪಕ್ಕದ ಫ್ಲಾಟಿನವರಿಗೆ ಖಚಿತವಾಗುತ್ತದೆ.

ಉಡುಪಿಯಲ್ಲಿ ಈ ಬಾಲ ವೇದಾಂತಕ್ಕೇ ಸುತ್ತಿಕೊಂಡಿದೆ. ಅಷ್ಟಮಠಗಳ ರಥಬೀದಿಯಲ್ಲಿ, ಏಳೆಂಟು ನೂರು ವರ್ಷಗಳಿಂದ ಅದ್ವೈತವನ್ನು ಖಂಡಿಸುತ್ತ ಬಂದ ಊರಿನಲ್ಲಿ, ತೇರು ನೋಡಲು ಬಂದ ಅಮ್ಮ "ಅದ್ವೈತ್, ಹಗ್ಗ ಮುಟ್ಟಬೇಡ" ಎಂದು ಗದರಿಸುತ್ತಾಳೆ. ದ್ವೈತ್ ಎಂದು ಇಡಬಹುದಿತ್ತಲ್ಲ, ಬಾಲ ಅದೇ ಅಲ್ಲವೇ? ಇಲ್ಲ, ತಲೆಗೆ ಅ ಬಂದಿತ್ತು, ಕೃತ್ತಿಕೆಯ ಮೊದಲ ಪಾದ. ಶಿವಾಂಶ್, ದೇವಾಂಶ್, ರುದ್ರಾಂಶ್‌ಗಳಿಗೂ ಅಲ್ಲಿ ತೊಡಕು ತಪ್ಪಿದ್ದಲ್ಲ. ಮಧ್ವಮತದಲ್ಲಿ ಅಂಶ ಎಂದರೆ ದೇವರೇ ಆದ ಸ್ವರೂಪಾಂಶವೋ ದೇವರಿಂದ ಬೇರೆಯಾದ ಭಿನ್ನಾಂಶವೋ ಎಂದು ಮೊದಲು ಹೇಳಬೇಕು, ಜನನ ಪತ್ರದಲ್ಲಿ ಅದಕ್ಕೆ ಕಾಲಂ ಇಲ್ಲ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರಿಗೆ ಮನೆಯವರು ಇಟ್ಟ ಹೆಸರು ವಾಸುದೇವ. ನಾಲ್ಕಕ್ಷರ, ಕೊನೆಗೆ ಸ್ವರ, ಚಿಕ್ಕಮ್ಮನ ಹಾಳೆಯಲ್ಲಿ ಎರಡು ಸಲ ಔಟ್.

ಹಾಗೆಂದು ಬಾಲ ನೋಡುವುದು ಇಂದಿನ ಹುಚ್ಚು ಎಂದುಕೊಳ್ಳಬೇಡಿ. ಮನೆಯ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಪಾರಸ್ಕರ ಗೃಹ್ಯಸೂತ್ರದ ಪಟ್ಟಿ ಎಕ್ಸೆಲ್ಲಿಗಿಂತ ಕಠಿಣ. ಗಂಡುಮಗುವಿನ ಹೆಸರು ಎರಡಕ್ಷರದ್ದೋ ನಾಲ್ಕಕ್ಷರದ್ದೋ ಆಗಬೇಕು, ಮೊದಲಿಗೆ ಗ, ಜ, ದ, ಬ ಥರದ ಘೋಷ ವ್ಯಂಜನ, ನಡುವೆ ಯ, ರ, ಲ, ವಗಳಲ್ಲಿ ಒಂದು, ಕೊನೆಗೆ ದೀರ್ಘ ಸ್ವರ ಇಲ್ಲವೇ ವಿಸರ್ಗ. ಧಾತುವಿನಿಂದ ಹುಟ್ಟಿದ ಕೃದಂತ ಆಗಬೇಕು, ಇನ್ನೊಂದು ನಾಮಪದದಿಂದ ಹುಟ್ಟಿದ ತದ್ಧಿತ ಕೂಡದು. (ಈ ಲೆಕ್ಕದಲ್ಲಿ ವಾಸುದೇವನೂ ತದ್ಧಿತವೆಂದು ತಕರಾರಿಗೆ ಸಿಗುತ್ತಾನೆ.) ವ್ಯಾಕರಣ ಯಾಕೆ ಕಲಿಯಬೇಕು ಎಂಬುದಕ್ಕೆ ಪತಂಜಲಿ ಮಹಾಭಾಷ್ಯದ ಆರಂಭದಲ್ಲೇ ಕೊಡುವ ಕಾರಣಗಳಲ್ಲಿ ಇದೂ ಒಂದು: ಕೃತ್ತು ಯಾವುದು, ತದ್ಧಿತ ಯಾವುದು ಗೊತ್ತಿಲ್ಲದೆ ಮಗನಿಗೆ ಹೆಸರಿಡುವುದು ಹೇಗೆ? ರೇಯಾಂಶ್‌ನನ್ನು ಈ ಪರೀಕ್ಷೆಗೆ ಕೂರಿಸಿದರೆ ಆಶ್ಚರ್ಯ ಕಾದಿದೆ. ಎರಡಕ್ಷರ, ಸರಿ. ರ ಘೋಷ, ಸರಿ. ನಡುವೆ ಯ, ಸರಿ. ಮುಕ್ಕಾಲು ಪಾಸು. ಫೇಲಾಗುವುದು ಎಲ್ಲಿ? ಚಿಕ್ಕಮ್ಮ ಮೆಚ್ಚಿ ಆರಿಸಿದ ಆ ಬಾಲದಲ್ಲೇ. ಅರ್ಧ ಮಾತ್ರೆ ಉಳಿಸಿದರೆ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಸಂಭ್ರಮ ಎಂದು ಹಳೆಯ ಮಾತಿದೆ. ನಮ್ಮಲ್ಲಿ ಮಗ ಹುಟ್ಟಿದ ಸಂಭ್ರಮಕ್ಕೆ ಅರ್ಧ ಮಾತ್ರೆಯ ವ್ಯಂಜನವೊಂದನ್ನು ತಂದು ಕೊನೆಗೆ ಸಿಕ್ಕಿಸುತ್ತಾರೆ.

ಇನ್ನು ಸಂಖ್ಯಾಶಾಸ್ತ್ರ. ಕಾಲ್ಡಿಯನ್ ಪದ್ಧತಿಯಲ್ಲಿ ಇಂಗ್ಲಿಷಿನ ವಿ ಅಕ್ಷರಕ್ಕೆ 6, ಐಗೆ 1, ಎಚ್‌ಗೆ 5, ಎಗೆ 1, ಎನ್‌ಗೆ 5. ವಿಹಾನ್ ಎಂದರೆ 18, ಆ ಶಾಸ್ತ್ರದವರಿಗೆ ಆಗದ ಸಂಖ್ಯೆ. ಎ ಇನ್ನೊಂದು ಹಾಕಿ, 19, ಯೋಗವೇ ಬದಲಾಯಿತು. ಕನ್ನಡದಲ್ಲಿ ಬರೆದರೆ ಹಾ ಒಂದೇ, ಎಷ್ಟು ಉಬ್ಬಿಸಿದರೂ ಹಾ. ಗ್ರಹಗಳು ಇಂಗ್ಲಿಷ್ ಮೀಡಿಯಂ.

ಆ ಎರಡನೇ ಎ ಮುಂದೆ ಕೊಡುವ ಕಾಟ ಮಾತ್ರ ಶಾಸ್ತ್ರದ್ದಲ್ಲ, ಕಚೇರಿಯದ್ದು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಹೆಸರಿನ ಜಾಗ ಖಾಲಿ ಇದ್ದರೂ ನಡೆಯುತ್ತದೆ. ಹೆಸರು ಸೇರಿಸಲು 12 ತಿಂಗಳವರೆಗೆ ಶುಲ್ಕವಿಲ್ಲ, ಮೇಲೆ ವಿಳಂಬ ಶುಲ್ಕ ಕೊಟ್ಟು 15 ವರ್ಷದವರೆಗೆ. ಕಾನೂನು ಇಷ್ಟು ಸಮಯ ಕೊಟ್ಟದ್ದು ಕುಟುಂಬದ ವಾಟ್ಸಾಪ್ ಗ್ರೂಪ್ ನೋಡಿಯೇ ಇರಬೇಕು. ತೊಂದರೆ ಆಗುವುದು ಹೀಗೆ: ಲಸಿಕೆ ಕಾರ್ಡಿನಲ್ಲಿ ನರ್ಸಮ್ಮ ಒಂದು ಎ ಬರೆದಿರುತ್ತಾರೆ, ಜನನ ಪತ್ರದಲ್ಲಿ ಎರಡು, ಆಧಾರಿನಲ್ಲಿ ಅಪ್ಪ ಅವಸರಕ್ಕೆ ಮತ್ತೆ ಒಂದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು ಜನನ ಪತ್ರವೇ ಆಧಾರ, ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಹಲ್ಲು ಬರುವ ಮೊದಲೇ ಒಂದು ಮುಗಿದಿರುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ತಂದ ಬಾಲ ಊರಿನ ಬಾಯಿಗೆ ಬಿದ್ದರೆ ಏನಾಗುತ್ತದೆ? ಬಸ್ ಅನ್ನು ಬಸ್ಸು, ಪೆನ್ ಅನ್ನು ಪೆನ್ನು ಮಾಡಿದ ಕನ್ನಡ, ಅದ್ವಿಕ್ಕನನ್ನು ಬಿಟ್ಟೀತೇ? ಗೇಟಿನಿಂದ ಕೂಗಬೇಕಾದರೆ ವ್ಯಂಜನವನ್ನು ಎಳೆಯಲು ಬರುವುದಿಲ್ಲ, ಸ್ವರ ಬೇಕೇ ಬೇಕು. "ವಿಹಾನಾ" ಎಂದರೆ ರಸ್ತೆಯಲ್ಲಿ ತಿರುಗಿ ನೋಡುವುದು ಹೆಣ್ಣುಮಕ್ಕಳು. ತುಳುವರು ಗಂಡಸಿನ ಹೆಸರಿಗೆ ಎ ಹಚ್ಚುತ್ತಾರೆ: ರಾಮೆ, ರಮೇಶೆ, ಈಗ ವಿಹಾನೆ. ಆದರೆ ತುಳುವಿನ ನಿಜವಾದ ಸೇಡು ವಿಭಕ್ತಿಯಲ್ಲಿದೆ. ಕೊನೆಗೆ ನ್ ಬಂದರೆ ಅದು ದ್ವಿತೀಯಾ, ಕ್ ಬಂದರೆ ಚತುರ್ಥಿ. ಹೊಸ ಹೆಸರುಗಳೆಲ್ಲ ಯಾವುದೋ ವಾಕ್ಯದ ನಡುವಿನಿಂದ ಕಡಿದು ತೆಗೆದಂತೆ ಕೇಳುತ್ತವೆ. ಎಲ್ಲಕ್ಕಿಂತ ಪೇಚು ಅಯಾನ್‌ನದ್ದು. ಅಜ್ಜಿಯ ನಾಲಗೆಯಲ್ಲಿ ದೀರ್ಘ ಮುಂದಕ್ಕೆ ಜಾರಿ ಆಯನ್ ಆಗುತ್ತದೆ, ತುಳುವಿನಲ್ಲಿ ಆಯನ್ ಎಂದರೆ ಅವನನ್ನು. "ಆಯನ್ ಲೆಪ್ಪುಲೆ" ಎನ್ನುತ್ತಾಳೆ ಅಜ್ಜಿ, ಕರೆಯಿರಿ ಅವನನ್ನು. "ಏರೆನ್?" ಯಾರನ್ನು? "ಆಯನ್." ಹೀಗೆ ಮಧ್ಯಾಹ್ನದ ಊಟ ತಣಿಯುತ್ತದೆ.

ಇನ್ನೊಂದು ಮಾತು. ಆನ್ ಎಂಬ ಈ ಮಾಡರ್ನ್ ಸದ್ದನ್ನು ಹುಡುಕಿ ಮುಂಬಯಿ, ದುಬೈ ಸುತ್ತಿದವರು ಮಲ್ಪೆಯ ಮೀನಿನ ದಕ್ಕೆಗೆ ಒಮ್ಮೆ ಇಳಿದಿದ್ದರೆ ಸಾಕಿತ್ತು. ತಾಯಿಯ ಕಡೆಯಿಂದ ಬರುವ ಬರಿ ಎಂಬ ಕುಲದ ಹೆಸರುಗಳಲ್ಲಿ ಕೋಟ್ಯಾನ್, ಸಾಲ್ಯಾನ್ ಎಂದಿನಿಂದಲೂ ಇವೆ. ಈಗ ಎರಡೂ ಕೂಡಿ ಕಿಯಾನ್ ಕೋಟ್ಯಾನ್, ಅಯಾನ್ ಸಾಲ್ಯಾನ್. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಜನ ಕರೆಯುವ ಕಂಡಕ್ಟರಿಗೆ ಹೇಳಿ ಮಾಡಿಸಿದ ಲಯ.

ಕಡೆಗೆ ನಾಮಕರಣದ ದಿನ. ಹರಿವಾಣದಲ್ಲಿ ಒಂದು ಸೇರು ಬೆಳ್ತಿಗೆ ಅಕ್ಕಿ ಹರಡಿ, ಚಿನ್ನದ ಉಂಗುರದ ತುದಿಯಿಂದ ಹೆಸರು ಗೀರಬೇಕು. ಅಕ್ಕಿ ತೆಳ್ಳಗಾದರೆ ಹರಿವಾಣದ ತಳ ಕಂಡು ಗೆರೆ ಒಡೆಯುತ್ತದೆ, ದಪ್ಪಗಾದರೆ ಬದಿಯ ಕಾಳು ಜಾರಿ ಗೆರೆ ಮುಚ್ಚುತ್ತದೆ. ವಿ ಚೆನ್ನಾಗಿ ಬಂತು. ಹಾ ಕೊಂಚ ಅಗಲವಾಯಿತು, ಎರಡು ಎ ಇದೆಯಲ್ಲ. ಕೊನೆಯ ನ್‌ಗೆ ಹರಿವಾಣದ ಅಂಚು ಮಾತ್ರ ಉಳಿಯಿತು. ಅಪ್ಪ ಉಸಿರು ಹಿಡಿದು ಮೇಲಿನ ಆ ಕೊಕ್ಕೆಯನ್ನು ಎಳೆದ, ಹತ್ತು ಹನ್ನೆರಡು ಕಾಳಿನ ಕೆಲಸ. ಫೋಟೋದವನು "ಸ್ವಲ್ಪ ಈಚೆ ತಿರುಗಿಸಿ" ಎಂದ. ತಿರುಗಿಸಿದರು. ಕಾಳು ಜಾರಿತು, ಕೊಕ್ಕೆ ಹೋಯಿತು, ನ ಉಳಿಯಿತು. ಭಟ್ಟರು ಬಗ್ಗಿ ಇದ್ದದ್ದನ್ನು ಇದ್ದ ಹಾಗೆ ಓದಿ "ವಿಹಾನ ನಾಮಧೇಯಸ್ಯ" ಎಂದು ಸಂಕಲ್ಪಕ್ಕೆ ಸೇರಿಸಿದರು, ಕೊಕ್ಕೆ ಇದ್ದಿದ್ದರೂ ಅವರು ಓದುತ್ತಿದ್ದದ್ದು ಹಾಗೆಯೇ. ಬಲಗಿವಿಯಲ್ಲಿ ಮೂರು ಸಲ ಹೆಸರು ಹೇಳಿಸಿಕೊಂಡ ಮಗು ಆರವ ಎಬ್ಬಿಸಿತು. ಅಜ್ಜಿ ಒಳಗಿನಿಂದ ಬಂದು ತೊಟ್ಟಿಲಿನತ್ತ ನೋಡಿ "ಎಂಚಿನ ಪುದರ್?" ಎಂದು ಕೇಳಿದಳು, ಏನು ಹೆಸರು ಎಂದು. ಚಿಕ್ಕಮ್ಮ ಬಾಲ ಒತ್ತಿ ಹೇಳಿದಳು.

"ಆವು," ಎಂದಳು ಅಜ್ಜಿ, "ಬಾಲೆಗ್ ಪೇರ್ ಕೊರ್ಲೆ." ಆಗಲಿ, ಮಗುವಿಗೆ ಹಾಲು ಕೊಡಿ.