ಹೇನು ಕೋಳಿಗೆ, ಡ್ರಿಪ್ ಬೆಕ್ಕಿಗೆ

ಮೈಸೂರಿನ ನಮ್ಮ ಬಾಡಿಗೆ ಮನೆಗೆ ಹಿತ್ತಲಿಲ್ಲ. ಅಕ್ಕ ನಂಜನಗೂಡಿನಿಂದ ಎರಡು ನಾಟಿ ಕೋಳಿಮರಿ ತಂದುಕೊಟ್ಟಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಈಗ ಕೆಂಪಿ, ಚುಕ್ಕಿ ಇಬ್ಬರೂ ಯುಟಿಲಿಟಿಯಲ್ಲೇ ಇದ್ದಾರೆ. ಮೊದಲೇ ಕರಿಯ ಅನ್ನೋ ನಾಯಿ, ಬೆಳ್ಳಿ ಅನ್ನೋ ಬೆಕ್ಕು ಬೇರೆ. ಮೃಗಾಲಯ ನೋಡೋಕೆ ನಾವು ದುಡ್ಡು ಕೊಟ್ಟು ಹೋಗಬೇಕಾಗಿಲ್ಲ.

ಮಳೆಗಾಲದಲ್ಲಿ ಕೆಂಪಿ ಸಂಜೆಯಾದರೂ ಗೂಡು ಸೇರದೆ ಹಟ ಮಾಡತೊಡಗಿದಳು. ಜುಟ್ಟು ಬಿಳಿಚಿಕೊಂಡಿತು, ಮೊಟ್ಟೆ ಕಡಿಮೆಯಾಯಿತು. ನನಗೂ ಸೊಂಟದ ಸುತ್ತ ತುರಿಕೆ. ಹಗಲು ಪುಕ್ಕ ಬಿಡಿಸಿ ನೋಡಿದರೆ ಏನೂ ಇಲ್ಲ. ಹೇನಿರಬೇಕು ಅಂದುಕೊಂಡು ಅಂಗಡಿಗೆ ಹೋಗಿ ಕೇಳಿದೆ. ನಾಯಿ ಉಣ್ಣೆಗೆ ಹಾಕುವ ಪುಡಿ ಕೊಟ್ಟು "ಇದು ಎಲ್ಲಕ್ಕೂ ನಡೆಯುತ್ತೆ ಸಾರ್" ಅಂದರು. ನಾನೂ ಚೀಟಿ ಓದದೆ ಎರಡೂ ಕೋಳಿಗೆ ಚೆನ್ನಾಗಿ ಉಜ್ಜಿದೆ.

ಬೆಳ್ಳಿ ದಿನಾ ಮಲಗೋದು ಚುಕ್ಕಿಗೆ ಒರಗಿಕೊಂಡು. ಎದ್ದ ಮೇಲೆ ಬೆಕ್ಕು ಏನು ಮಾಡುತ್ತೆ? ಮೈಯೆಲ್ಲ ನೆಕ್ಕಿಕೊಳ್ಳುತ್ತೆ. ರಾತ್ರಿ ಹತ್ತಕ್ಕೆ ಬಾಯಲ್ಲಿ ಜೊಲ್ಲು, ಕಿವಿ ಪಟಪಟ ಅದುರೋದು, ಆಮೇಲೆ ಇಡೀ ಮೈ ನಡುಕ. ಪುಡಿಯಲ್ಲಿದ್ದದ್ದು ಪರ್ಮೆಥ್ರಿನ್ ಅನ್ನೋ ಕೀಟನಾಶಕ. ನಾಯಿಯ ಲಿವರ್ ಅದನ್ನು ಕರಗಿಸಿ ಹೊರಹಾಕುತ್ತೆ, ಬೆಕ್ಕಿನದಕ್ಕೆ ಆ ತಾಕತ್ತಿಲ್ಲ. ಡಾಕ್ಟರ್ ಫೋನಿನಲ್ಲಿ ಹೇಳಿದಂತೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಕರೆದುಕೊಂಡು ಓಡಿದೆವು. ಎರಡು ದಿನ ಡ್ರಿಪ್ ಹಾಕಿದ ಮೇಲೆ ಉಳಿದಳು.

ಅಂಗಡಿಯವರ ಮೇಲಿನ ಕೋಪಕ್ಕಿಂತ ನನ್ನ ಮೇಲಿನದೇ ಜಾಸ್ತಿ. ಕೋಳಿಗೆ ಅಂತ ಔಷಧಿ ಕೇಳಿದೆ, ಮನೆಗೆ ಅಂತ ಕೇಳಲಿಲ್ಲ. ಒಂದೇ ಸೂರಿನಡಿ ಒಬ್ಬರಿಗೆ ಹಚ್ಚಿದ್ದು ಎಲ್ಲರ ಬಾಯಿಗೂ ಹೋಗುತ್ತೆ, ನಾವು ತಿನ್ನೋ ಮೊಟ್ಟೆಗೂ. 2017ರಲ್ಲಿ ಯುರೋಪಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲಿದ್ದು ನೆನಪಿದೆಯಾ? ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆ ಕೋಳಿ ರಕ್ತ ಕುಡಿಯುವ ಕೆಂಪು ಹೇನಿಗೆ ಸಿಂಪಡಿಸಿದ ಔಷಧಿಯಲ್ಲಿ ಫಿಪ್ರೊನಿಲ್ ಸೇರಿತ್ತು. ನಾಯಿ, ಬೆಕ್ಕಿನ ಬೆನ್ನಿಗೆ ನಾವು ಹನಿ ಹಾಕ್ತೀವಲ್ಲ, ಅದೇ. "ನಾಯಿಗೆ ಹಾಕೋದನ್ನೇ ಕೋಳಿಗೂ ಒಂದು ಹನಿ ಹಾಕಿ" ಅಂತ ಸಲಹೆ ಕೊಡೋರು ದಯವಿಟ್ಟು ಸುಮ್ನಿರಿ. ಮನೇಲಿ ಮೊಲ ಇದ್ದರಂತೂ ಫಿಪ್ರೊನಿಲ್ ಹತ್ತಿರಕ್ಕೂ ಬೇಡ, ಸಾಯುತ್ತವೆ.

ಇಷ್ಟೆಲ್ಲ ಆದರೂ ಹೇನು ಇದ್ದಲ್ಲೇ ಇತ್ತು! ಡಾಕ್ಟರ್ ಹೇಳಿಕೊಟ್ಟ ಪರೀಕ್ಷೆ ಇದು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಕೋಳಿ ಕೂರುವ ಕೋಲಿನ ಅಡಿಗೆ ಬಿಳಿ ಬಟ್ಟೆ ಒತ್ತಿ ಎಳೆದೆ. ಬಟ್ಟೆ ಮೇಲೆ ಕೆಂಪು ಗೀರು. ಸೇಬು ತುಂಬಿ ಬರೋ ಮರದ ಪೆಟ್ಟಿಗೆಯಿಂದ ಮಾಡಿದ್ದ ಗೂಡಿನ ಸಂದಿಯಲ್ಲಿ ಗಸಗಸೆ ಚೆಲ್ಲಿದ ಹಾಗೆ ಕೂತಿದ್ದವು. ಅದೇ ಕೆಂಪು ಹೇನು. ಈ ಜಾತಿ ರಾತ್ರಿ ಬಂದು ರಕ್ತ ಕುಡಿದು ಮರದ ಬಿರುಕಿಗೆ ಮರಳುತ್ತೆ. ಹಗಲು ಕೋಳಿ ಮೈಗೆ ಪುಡಿ ಉಜ್ಜಿದರೆ ಕಳ್ಳ ಹೋದ ಮೇಲೆ ಬೀಗ ಹಾಕಿದ ಹಾಗೆ. ಬೆಚ್ಚಗಿದ್ದರೆ ಒಂದು ವಾರದಲ್ಲಿ ಹೊಸ ತಲೆಮಾರು ರೆಡಿ, ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ. (ಹಗಲೂ ಕೋಳಿ ಮೈ ಮೇಲೇ ಇರೋ ಜಾತಿಗಳೂ ಇವೆ. ಅದಕ್ಕೆ ಮೊದಲು ಯಾವುದು ಅಂತ ನೋಡಿಸಿ.)

ಪೆಟ್ಟಿಗೆ ಸುಟ್ಟೆವು. ಈಗ ಟೊಮೆಟೊ ಕ್ರೇಟು, ಕೂರೋಕೆ ಒಂದೇ ದಪ್ಪ ಪೈಪು. ಐದು ದಿನಕ್ಕೊಮ್ಮೆ ಮೂರು ಸಲ ಕುದಿಯುವ ನೀರು ಹೊಯ್ದು ಬಿಸಿಲಿಗಿಟ್ಟೆವು. ಅಜ್ಜಿ ಕಾವಿಗೆ ಕೂರಿಸುವ ಬುಟ್ಟಿಯ ಹುಲ್ಲನ್ನು ಮರಿ ಎದ್ದ ದಿನವೇ ಒಲೆಗೆ ಹಾಕುತ್ತಿದ್ದಳು. ಶಾಸ್ತ್ರ ಅಂದುಕೊಂಡಿದ್ದೆ. ಅವಳಂತೆಯೇ ಹೊರಳಾಡೋಕೆ ಬೂದಿಯನ್ನೂ ಇಡುತ್ತೇವೆ, ಆದರೆ ತಾರಸಿ ಮೇಲೆ. ಮುಚ್ಚಿದ ಯುಟಿಲಿಟಿಯಲ್ಲಿ ಆ ಧೂಳು ಕೋಳಿ ಉಸಿರಿಗೂ ಕಷ್ಟ, ನಮಗೂ ಕಷ್ಟ. ಸೀಮೆಎಣ್ಣೆ, ನುಸಿಗುಳಿಗೆ ತಂತ್ರ ಹೇಳಿದವರಿಗೆ ಬರೀ ನಮಸ್ಕಾರ.

ತಿಂಗಳು ನೆಮ್ಮದಿ. ಮತ್ತೆ ತುರಿಕೆ ಶುರು. ಹುಡುಕಿ ಹುಡುಕಿ ಕೊನೆಗೆ ಕಿಟಕಿಯ ಸಜ್ಜದ ಮೇಲೆ ಕಣ್ಣು ಬಿತ್ತು. ಅಲ್ಲಿ ಪಾರಿವಾಳದ ಗೂಡು. ಮರಿಗಳು ಹಾರಿಹೋಗಿದ್ದವು, ಹಸಿದ ಹೇನುಗಳು ಜಾಲರಿ ದಾಟಿ ನಮ್ಮ ಕೆಂಪಿಯ ಕಡೆಗೆ ಸಾಲಾಗಿ ಹೊರಟಿದ್ದವು.